ತುಟಿ ಎತ್ತಿ ವಸಡು ನೋಡಿ: ಚಿಕ್ಕಮಗಳೂರಿನ ಈ ಪುಟ್ಟ ನಾಯಿ ಕ್ಲಿನಿಕ್ ಬಗ್ಗೆ

ಜುಲೈ ಮೊದಲ ವಾರ, ಬೆಳಗ್ಗೆ ಒಂಬತ್ತೂಕಾಲಿಗೆ ನಾನು ಈ ಕ್ಲಿನಿಕ್‌ಗೆ ಫೋನ್ ಮಾಡಿದಾಗ ನನ್ನ ಮಡಿಲಲ್ಲಿ ಒಂದು ಮರಿ ಇತ್ತು. ಇನ್ನೊಂದನ್ನು ಹಿತ್ತಲಿನ ಹಲಸಿನ ಮರದ ಬುಡದಲ್ಲಿ ಮಣ್ಣು ಮಾಡಿ ಇನ್ನೂ ಒಂದು ಗಂಟೆ ಆಗಿರಲಿಲ್ಲ.

ಫೋನ್ ಎತ್ತಿದ ಹುಡುಗ ಹೆಸರು, ಊರು ಯಾವುದನ್ನೂ ಕೇಳಲಿಲ್ಲ. "ವಾಂತಿ ಇದೆಯಾ ಅಕ್ಕಾ? ಭೇದಿಯಲ್ಲಿ ರಕ್ತ ಕಾಣ್ತಾ? ಚುಚ್ಚುಮದ್ದು ಏನಾದ್ರೂ ಹಾಕಿಸಿದೀರಾ?" ಅಂದ. ವಾಂತಿ ಈಗಷ್ಟೇ ಶುರುವಾಗಿದೆ, ಚುಚ್ಚುಮದ್ದು ಹಾಕಿಸಿಲ್ಲ, ಇದರ ತಂಗಿ ರಕ್ತಭೇದಿಯಲ್ಲಿ ಬೆಳಗ್ಗೆ ಹೋಯಿತು ಅಂದೆ. "ಹಾಗಾದ್ರೆ ಈಗಲೇ ಹೊರಡಿ. ಬಂದಮೇಲೆ ಮರೀನ ಒಳಗೆ ತರಬೇಡಿ, ಗಾಡಿಯಲ್ಲೇ ಇರಿ. ನಾವೇ ಹೊರಗೆ ಬರ್ತೀವಿ" ಅಂದ. ಒಳಗೆ ತರಬೇಡಿ ಅಂದಿದ್ದು ಆ ಹೊತ್ತಿಗೆ ನನ್ನ ಮನಸ್ಸಿಗೆ ಚುಚ್ಚಿತು. ಅದು ಎಷ್ಟು ಸರಿಯಾದ ಮಾತು ಅಂತ ಗೊತ್ತಾಗಿದ್ದು ಆಮೇಲೆ.

ನಾನು ಆಲ್ದೂರು ಕಡೆಯ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. 16 ವರ್ಷದಿಂದ ಮಕ್ಕಳ ತೂಕ ನೋಡುವುದು, ಬೆಳವಣಿಗೆ ಚಾರ್ಟ್ ತುಂಬುವುದು, ಭೇದಿಯಾದರೆ ಓಆರ್‌ಎಸ್ ಕಲಸುವುದು ನನ್ನ ಕೆಲಸ. ನಮ್ಮನೆಯವರು ಆಟೋ ಓಡಿಸುತ್ತಾರೆ. ಪಕ್ಕದ ತೋಟದ ಕೂಲಿಯವರ ಲೈನ್ ಮನೆಗಳ ಹತ್ತಿರ ಮೇ ತಿಂಗಳ ಶುರುವಿನಲ್ಲಿ ಒಂದು ನಾಯಿ ಮರಿ ಹಾಕಿತ್ತು. 45 ದಿನ ಆಗುವಾಗ ಎರಡು ಮರಿ ನಮ್ಮ ಮನೆಗೆ ಬಂದವು. ಕೆಂಪಗಿದ್ದವನು ಕೆಂಚ. ಎದೆಯ ಮೇಲೆ ಬಿಳಿ ಮಚ್ಚೆ ಇದ್ದವಳು ಬೆಳ್ಳಿ.

ಎರಡಕ್ಕೂ ಹೊಟ್ಟೆ ಸೋರೆಬುರುಡೆಯ ಹಾಗೆ ಗುಂಡಗಿತ್ತು. ಬಂದವರೆಲ್ಲ "ಕುನ್ನಿಗಳು ಚೆನ್ನಾಗಿ ಉಣ್ತಾವೆ" ಅಂದರು. ನಮಗೂ ಖುಷಿಯೇ. ಹಸುವಿನ ಹಾಲು, ಅನ್ನ, ರಾಗಿ ಅಂಬಲಿ ಹಾಕುತ್ತಿದ್ದೆವು. ಅಂಗನವಾಡಿಗೆ ಬರುವ ಮಗುವಿಗೆ ಕೈಕಾಲು ಸಣಕಲು, ಹೊಟ್ಟೆ ಮಾತ್ರ ದಪ್ಪ ಇದ್ದರೆ ನಾನು ತಾಯಿಯನ್ನು ಕರೆದು ಜಂತುಹುಳದ ವಿಷಯ ಕೇಳುತ್ತೇನೆ. ನಮ್ಮ ಜಗುಲಿಯಲ್ಲೇ ಎರಡು ಮರಿ ಹಾಗಿದ್ದಾಗ ಅದು ತಲೆಗೆ ಬರಲಿಲ್ಲ. ಈಗಲೂ ಅದನ್ನು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಬೆಳ್ಳಿ ಸೋಮವಾರ ಸಂಜೆ ಊಟ ಬಿಟ್ಟಳು. ರಾತ್ರಿ ಬಿಳಿ ನೊರೆಯ ವಾಂತಿ. ಆರಿದ್ರಾ ಮಳೆ ಬಿಡದೆ ಹೊಯ್ಯುತ್ತಿತ್ತು, ಥಂಡಿಗೆ ಹೀಗಾಗಿದೆ ಅಂದುಕೊಂಡು ಬಚ್ಚಲ ಒಲೆಯ ಹತ್ತಿರ ಗೋಣಿಚೀಲ ಹಾಸಿ ಮಲಗಿಸಿದೆವು. ಮಂಗಳವಾರ ರಕ್ತ ಬೆರೆತ ಭೇದಿ ಶುರುವಾಯಿತು. ಆ ವಾಸನೆ ಒಂದು ಸಲ ಮೂಗಿಗೆ ಬಡಿದರೆ ಮರೆಯುವಂಥದ್ದಲ್ಲ. ಓಆರ್‌ಎಸ್ ಕುಡಿಸಿದೆ, ಅದೂ ವಾಂತಿಯಾಯಿತು. ಪೇಟೆಗೆ ಹೋಗಿದ್ದ ನಮ್ಮನೆಯವರು ಒಂದು ಮೆಡಿಕಲ್ ಶಾಪ್‌ನಲ್ಲಿ ಕೇಳಿದರೆ, ಮನುಷ್ಯರಿಗೆ ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟು ಅರ್ಧ ಮಾಡಿ ಹಾಕಿ ಅಂದರಂತೆ. ಹಾಕಿದೆವು. ಬುಧವಾರ ಬೆಳಗ್ಗೆ ಆರು ಗಂಟೆಗೆ ಬೆಳ್ಳಿ ತಣ್ಣಗಾಗಿದ್ದಳು. ಎಂಟು ಗಂಟೆಗೆ ಕೆಂಚ ಅಂಬಲಿ ಬಟ್ಟಲನ್ನು ಮೂಸಿ ಮುಖ ತಿರುಗಿಸಿದ.

ಚಿಕ್ಕಮಗಳೂರು ತಲುಪುವಾಗ ಹತ್ತೂಕಾಲು. ಹುಡುಗ ಹೇಳಿದ ಹಾಗೆ ಗಾಡಿಯಲ್ಲೇ ಕೂತೆವು. ಡಾಕ್ಟರಮ್ಮ ಛತ್ರಿ ಹಿಡಿದು ಆಟೋ ಹತ್ತಿರವೇ ಬಂದರು. ಕೈಗೆ ಗ್ಲೌಸ್, ಕಾಲಿಗೆ ಪ್ಲಾಸ್ಟಿಕ್ ಚೀಲ. ಕೆಂಚನನ್ನು ಮುಟ್ಟುವ ಮೊದಲು ಒಂದು ಕ್ಷಣ ಸುಮ್ನೆ ನೋಡಿದರು. ಆಮೇಲೆ ಹೆಬ್ಬೆರಳಿನಿಂದ ಅವನ ಮೇಲ್ದುಟಿ ಎತ್ತಿದರು.

"ಅಮ್ಮಾ, ಇಲ್ಲಿ ನೋಡಿ. ಮೊದಲು ನೋಡಬೇಕಾದ್ದು ಇದು."

ವಸಡು ಬೆಳ್ಳಗೆ, ಅಕ್ಕಿ ತೊಳೆದ ನೀರಿನ ಬಣ್ಣ. ಅದರ ಮೇಲೆ ಬೆರಳಿಟ್ಟು ಒತ್ತಿ ಬಿಟ್ಟರು. ಒತ್ತಿದ ಜಾಗ ಇನ್ನೂ ಬೆಳ್ಳಗಾಯಿತು. "ಬಣ್ಣ ವಾಪಸ್ ಬರೋವರೆಗೆ ಎಣಿಸಿ" ಅಂದರು. ಒಂದು, ಎರಡು, ಮೂರು ಅಂತ ಎಣಿಸಿದೆ. ಆರೋಗ್ಯವಾಗಿರುವ ಮರಿಗೆ ವಸಡು ಗುಲಾಬಿ ಬಣ್ಣ ಇರಬೇಕಂತೆ, ಒತ್ತಿ ಬಿಟ್ಟರೆ ಎರಡು ಎಣಿಸುವ ಒಳಗೆ ಬಣ್ಣ ತುಂಬಬೇಕಂತೆ. ಆಮೇಲೆ ಹೆಗಲ ಮೇಲಿನ ಚರ್ಮ ಎಳೆದು ಬಿಟ್ಟರು. ಅದು ನಿಧಾನಕ್ಕೆ ಕೂತಿತು. ಇದು ನನಗೆ ಗೊತ್ತಿತ್ತು. ಭೇದಿಯಾದ ಮಗುವಿನ ಹೊಟ್ಟೆಯ ಚರ್ಮ ನಾವು ಹೀಗೇ ಹಿಡಿದು ನೋಡುತ್ತೇವೆ. ಹಾಗಂತ ಹೇಳಿದೆ. "ಅಂಗನವಾಡಿ ಟೀಚರ್ರಾ? ಹಾಗಾದ್ರೆ ನಿಮಗೆ ಅರ್ಧ ಪಾಠ ಆಗಿದೆ" ಅಂದರು. ಅಲ್ಲಿಂದ ಮುಂದೆ ನನ್ನನ್ನು ಟೀಚರ್ ಅಂತಲೇ ಕರೆದರು.

ಜ್ವರ ನೋಡಿದರು, 104. ನಾವು ಮೂಗು ಒಣಗಿದೆಯಾ, ಕಿವಿ ಬಿಸಿ ಇದೆಯಾ ಅಂತ ನೋಡುತ್ತೇವಲ್ವಾ, ಅದನ್ನು ನಂಬಬೇಡಿ ಅಂದರು. ನಾಯಿಯ ಮೈಬಿಸಿಯೇ ನಮಗಿಂತ ಜಾಸ್ತಿ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದಕ್ಕೇ ಮರಿಯನ್ನು ಎತ್ತಿಕೊಂಡರೆ ಯಾವಾಗಲೂ ಬೆಚ್ಚಗೆ ಅನ್ನಿಸೋದು. ಥರ್ಮಾಮೀಟರಿಗೆ ಕೊಬ್ಬರಿ ಎಣ್ಣೆ ಸವರಿ ಗುದದಲ್ಲಿ ಇಟ್ಟು ನೋಡಿದರೆ ಮಾತ್ರ ಸರಿ ಲೆಕ್ಕ ಸಿಗುತ್ತದೆ. ಬಿಸಿ ಜಾಸ್ತಿಯಾದ ಹಾಗೇ ಕಡಿಮೆಯಾಗುವುದೂ ಅಪಾಯ, ಸೋತ ಮರಿಯ ಮೈ ತಣ್ಣಗಾಗುತ್ತಾ ಹೋದರೆ ಅದು ಜ್ವರಕ್ಕಿಂತ ಕೆಟ್ಟ ಸೂಚನೆ ಅಂದರು.

ಹತ್ತಿ ಸುತ್ತಿದ ಕಡ್ಡಿಯಿಂದ ಮಲದ ಮಾದರಿ ತೆಗೆದು ಒಂದು ಕಿಟ್ ಮೇಲೆ ಹನಿ ಹಾಕಿದರು. ನಮ್ಮ ಆಶಾ ಕಾರ್ಯಕರ್ತೆ ಹತ್ತಿರ ಇರುವ ಗರ್ಭಿಣಿ ಪರೀಕ್ಷೆಯ ಕಿಟ್ ಹಾಗೇ ಇದೆ. ಹತ್ತು ನಿಮಿಷದೊಳಗೆ ಎರಡು ಗೆರೆ ಬಂತು. ಪಾರ್ವೋ.

ಈ ಕಾಯಿಲೆ ಏನು ಮಾಡುತ್ತದೆ ಅಂತ ಅವರು ಹೇಳಿದ ರೀತಿ ನಾನು ಮರೆಯಲ್ಲ. "ಕಾಫಿ ಕಣಕ್ಕೆ ಸಗಣಿ ಸಾರಿಸಿರ್ತೀರಲ್ಲ, ಅದು ಪದರ ಪದರ ಎದ್ದು ಬಂದರೆ ಕೆಳಗಿನ ಮಣ್ಣು ಕಾಣುತ್ತಲ್ಲ, ಕರುಳಿನ ಒಳಗೆ ಹಾಗೇ ಆಗುತ್ತೆ." ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಈ ವೈರಸ್ ಹಿಡಿಯುತ್ತದೆ. ಕರುಳಿನ ಒಳಪದರ, ಮೂಳೆಯ ಮಜ್ಜೆ ಎರಡೂ ಅಂಥವು. ಒಳಪದರ ಕಿತ್ತು ಬಂದರೆ ರಕ್ತ ಬರುತ್ತದೆ. ಕರುಳಲ್ಲಿರುವ ಕೆಟ್ಟ ಕ್ರಿಮಿಗಳು ರಕ್ತಕ್ಕೆ ನುಗ್ಗುತ್ತವೆ. ಅದೇ ಹೊತ್ತಿಗೆ ಬಿಳಿ ರಕ್ತಕಣ ಕುಸಿದು ಎದುರಿಸುವ ಶಕ್ತಿಯೂ ಹೋಗಿರುತ್ತದೆ. ಅವರ ಹತ್ತಿರ ಇರುವ ಯಾವ ಔಷಧಿಯೂ ವೈರಸ್ಸನ್ನು ನೇರ ಕೊಲ್ಲುವುದಿಲ್ಲವಂತೆ. ಮರಿಯ ಮೈ ತಾನೇ ಹೊಡೆದಾಡಿ ಗೆಲ್ಲುವವರೆಗೆ ನೀರು, ಉಪ್ಪು, ಸಕ್ಕರೆ ಅಂಶ ಬೀಳದ ಹಾಗೆ ಹಿಡಿದುಕೊಳ್ಳಬೇಕು, ವಾಂತಿ ನಿಲ್ಲಿಸಬೇಕು, ರಕ್ತಕ್ಕೆ ನಂಜು ಏರದಂತೆ ಆ್ಯಂಟಿಬಯಾಟಿಕ್ ಕೊಡಬೇಕು. "ಬೆಳ್ಳಿಗೆ ಬಾಯಲ್ಲಿ ಕೊಟ್ಟಿದ್ದೆಲ್ಲ ಹೊರಗೆ ಬಂತು, ಅಲ್ವಾ ಟೀಚರ್? ಒಳಗೆ ನಿಲ್ಲದಿದ್ದರೆ ಓಆರ್‌ಎಸ್ ಏನು ಮಾಡೀತು? ಅಂಥ ಹೊತ್ತಲ್ಲಿ ನರದಲ್ಲೇ ಕೊಡಬೇಕು." ಆ ಭೇದಿ ಮಾತ್ರೆ ವಿಷಯ ಹೇಳಿದಾಗ ಅವರ ಮುಖ ಸಣ್ಣದಾಯಿತು. ಕರುಳಿನ ನಂಜು ಹೊರಗೆ ಹೋಗದೆ ಒಳಗೇ ನಿಲ್ಲುತ್ತದೆ, ಇನ್ನೊಮ್ಮೆ ಕೇಳದೆ ಕೊಡಬೇಡಿ ಅಂದರು. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಥರದ ಮನುಷ್ಯರ ನೋವಿನ ಮಾತ್ರೆಯನ್ನಂತೂ ಮರಿಗೆ ನಾವಾಗಿ ಯಾವತ್ತೂ ಹಾಕಬಾರದು. ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ನಾನು ಅಲ್ಲೇ ಅತ್ತುಬಿಡುತ್ತಿದ್ದೆ.

ಕ್ಲಿನಿಕ್ ಹಿಂಭಾಗದಲ್ಲಿ ಪಾರ್ವೋ ಮರಿಗಳಿಗೆ ಬೇರೆಯೇ ಕೋಣೆ ಇದೆ. ಹೋಗುವ ಬಾಗಿಲೂ ಬೇರೆ. ಹೊಸ್ತಿಲಲ್ಲಿ ಬ್ಲೀಚ್ ನೀರಿನಲ್ಲಿ ಅದ್ದಿದ ಗೋಣಿ, ಅದರ ಮೇಲೆ ಕಾಲಿಟ್ಟೇ ಹೋಗಬೇಕು, ಬರಬೇಕು. ಸಾಧಾರಣ ಫಿನಾಯಿಲ್‌ಗೆ ಈ ವೈರಸ್ ಬಗ್ಗಲ್ಲ. ಬಟ್ಟೆಗೆ ಹಾಕುವ ದ್ರವ ಬ್ಲೀಚ್ ಒಂದು ಪಾಲು, ನೀರು 30 ಪಾಲು, ಹತ್ತು ನಿಮಿಷ ಒದ್ದೆಯಾಗೇ ಇರಬೇಕು. ಅದಕ್ಕೂ ಮೊದಲು ಕೊಳೆ ತೊಳೆದಿರಬೇಕು, ಕೊಳೆಯ ಮೇಲೆ ಬ್ಲೀಚ್ ಕೆಲಸ ಮಾಡಲ್ಲ. ಮಣ್ಣಿನಲ್ಲಿ ಮಾತ್ರ ತಿಂಗಳುಗಟ್ಟಲೆ, ನೆರಳು ಥಂಡಿ ಇದ್ದರೆ ವರ್ಷದವರೆಗೂ ಉಳಿಯುತ್ತದೆ. ನಮ್ಮ ಮಲೆನಾಡಿನ ಹಿತ್ತಲು ಅಂದರೆ ನೆರಳು ಥಂಡಿ ಎರಡೂ ತಾನೇ. ಚುಚ್ಚುಮದ್ದು ಆಗದ ಹೊಸ ಮರಿಯನ್ನು ಒಂದು ವರ್ಷ ಮನೆಗೆ ತರಬೇಡಿ ಅಂದರು.

ನಾನು ಮೊದಲು ಕೇಳಿದ್ದು, "ಮಕ್ಕಳಿಗೆ ಬರುತ್ತಾ?" ಅಂತ. ನಾನು ದಿನಾ 20 ಮಕ್ಕಳ ಮಧ್ಯೆ ಇರುವವಳು. ನಾಯಿಯ ಪಾರ್ವೋ ಮನುಷ್ಯರಿಗೆ ಬರಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿದರು. ಆದರೆ ನಮ್ಮ ಚಪ್ಪಲಿಯಲ್ಲಿ ಇನ್ನೊಂದು ನಾಯಿಯ ಅಂಗಳಕ್ಕೆ ಹೋಗುತ್ತದೆ. "ಮಕ್ಕಳಿಗೆ ಬರೋದು ಬೇರೆ ಇದೆ. ಇವನು ಸ್ವಲ್ಪ ಸುಧಾರಿಸಲಿ, ತೋರಿಸ್ತೀನಿ" ಅಂದರು.

ಐದು ದಿನ ಹೋಗಿ ಬಂದೆವು. ಬೆಳಗ್ಗೆ ಬಿಟ್ಟರೆ ಸಂಜೆ ಕರೆದುಕೊಂಡು ಹೋಗುವುದು. ಮುಂಗಾಲಿಗೆ ಸೂಜಿ ಹಾಕಿ ಡ್ರಿಪ್. ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಉಗುರುಬೆಚ್ಚಗೆ ಮಾಡಿ ಹಾಕುತ್ತಿದ್ದರು, ಮಳೆಗಾಲದಲ್ಲಿ ತಣ್ಣನೆ ನೀರು ನರಕ್ಕೆ ಹೋದರೆ ಮರಿ ನಡುಗುತ್ತದೆ ಅಂತ. ಎರಡನೇ ದಿನ ಕೆಂಚ ಸೂಜಿಯನ್ನು ಕಚ್ಚಿ ಎಳೆಯಲು ನೋಡಿದ. ಹುಡುಗ ಮಗುವಿನ ಸಾಕ್ಸ್ ಒಂದರ ಬೆರಳ ಕಡೆ ಕತ್ತರಿಸಿ ಅವನ ಕಾಲಿಗೆ ತೊಡಿಸಿದ. ಹಳದಿ ಸಾಕ್ಸ್, ಅದರ ಮೇಲೆ ಬಾತುಕೋಳಿ ಚಿತ್ರ. ಮಾರನೆ ದಿನ ನಾನು ನನ್ನ ಮಗಳ ಹಳೆಯ ಸಾಕ್ಸ್ ಆರು ಜೊತೆ ಒಗೆದು ತಂದುಕೊಟ್ಟೆ.

ಪ್ರತಿ ದಿನ ತೂಕ. ಬುಧವಾರ 2 ಕೆ.ಜಿ. 600 ಗ್ರಾಂ. ಶುಕ್ರವಾರ 2 ಕೆ.ಜಿ. 350. ಆ ರಾತ್ರಿ ಮನೆಯಲ್ಲಿ ಕೆಂಚನ ತಲೆ ತೂಗಾಡತೊಡಗಿತು, ಕಾಲು ಸೊಟ್ಟ ಹಾಕಿ ಬಿದ್ದ. ಸಣ್ಣ ಮರಿ ಊಟ ಬಿಟ್ಟರೆ ರಕ್ತದಲ್ಲಿ ಸಕ್ಕರೆ ಇಳಿಯುತ್ತದೆ, ಹಾಗಾದಾಗ ಬಾಯಿಗೆ ಸುರಿಯಬೇಡಿ, ಉಸಿರಿಗೆ ಹೋಗುತ್ತದೆ, ಸಕ್ಕರೆ ನೀರನ್ನು ಬೆರಳಿನಿಂದ ವಸಡಿಗೆ ಸವರಿ, ನನಗೆ ಫೋನ್ ಮಾಡಿ ಅಂತ ಡಾಕ್ಟರಮ್ಮ ಸಂಜೆಯೇ ಹೇಳಿಕೊಟ್ಟಿದ್ದರು. ಹಾಗೇ ಮಾಡಿದೆ. ಒಲೆಯ ಕೆಂಡದ ಬೆಳಕಿನಲ್ಲಿ ಹತ್ತು ನಿಮಿಷಕ್ಕೊಮ್ಮೆ ಸವರುತ್ತಾ ಕೂತೆ. ಮುಕ್ಕಾಲು ಗಂಟೆಗೆ ತಲೆ ಎತ್ತಿ ನನ್ನ ಬೆರಳನ್ನು ತಾನೇ ನೆಕ್ಕಿದ. ಆ ನಾಲಿಗೆ ಎಷ್ಟು ಒರಟಾಗಿ ಒಣಗಿತ್ತು ಅಂದರೆ ಮರಳುಕಾಗದ ಉಜ್ಜಿದ ಹಾಗಿತ್ತು.

ಶನಿವಾರ ವಾಂತಿ ನಿಂತಿತು. ಒಂದು ಚಮಚ ಗಂಜಿ ತಿಳಿ, ಎರಡು ಗಂಟೆ ಬಿಟ್ಟು ಇನ್ನೊಂದು. ಆಮೇಲೆ ಉಪ್ಪು ಖಾರ ಇಲ್ಲದೆ ಬೇಯಿಸಿದ ಕೋಳಿ, ಮೆತ್ತನೆ ಅನ್ನ. ಈರುಳ್ಳಿ, ಬೆಳ್ಳುಳ್ಳಿ ಸೋಕಲೂ ಬಾರದು, ನಾಯಿಗೆ ಅದು ವಿಷ, ರಕ್ತಕಣ ಒಡೆಯುತ್ತದೆ. ನಮ್ಮಲ್ಲಿ ಸಾರು ಉಳಿದಿದ್ದನ್ನೇ ನಾಯಿಗೆ ಹಾಕುವ ಅಭ್ಯಾಸ, ಇದು ನನಗೆ ಹೊಸ ವಿಷಯ. ಭಾನುವಾರ ತೂಕ 2 ಕೆ.ಜಿ. 500. ನಮ್ಮನೆಯವರು ಮನೆಗೆ ಬಂದು ಕಾಳುಮೆಣಸು ತೂಗುವ ತಕ್ಕಡಿಗೆ ಕುಕ್ಕೆ ನೇತುಹಾಕಿ ಅದರಲ್ಲಿ ಅವನನ್ನು ಕೂರಿಸಿ ಮತ್ತೊಮ್ಮೆ ತೂಗಿದರು.

ಹತ್ತು ದಿನ ಬಿಟ್ಟು ಮತ್ತೆ ತೋರಿಸಲು ಹೋದಾಗ ಡಾಕ್ಟರಮ್ಮ ಹೇಳಿದ ಮಾತು ಉಳಿಸಿಕೊಂಡರು. ಕೆಂಚನ ಮಲದ ಒಂದು ಚೂರನ್ನು ಗಟ್ಟಿ ಉಪ್ಪುನೀರಿನಲ್ಲಿ ಕಲಸಿ, ಸೋಸಿ, ಸಣ್ಣ ಶೀಶೆಯ ಬಾಯಿವರೆಗೆ ತುಂಬಿ, ಮೇಲೆ ಗಾಜಿನ ಚೂರು ಮುಚ್ಚಿಟ್ಟರು. ಹೊಟ್ಟೆಹುಳದ ಮೊಟ್ಟೆಗಳು ಹಗುರ, ಮೇಲೆ ತೇಲಿ ಗಾಜಿಗೆ ಅಂಟುತ್ತವೆ. ಕಾಲು ಗಂಟೆ ಬಿಟ್ಟು ಆ ಗಾಜನ್ನು ಮೈಕ್ರೋಸ್ಕೋಪ್ ಕೆಳಗಿಟ್ಟು, "ಬನ್ನಿ ಟೀಚರ್" ಅಂದರು.

ಒಂದು ಕಣ್ಣು ಮುಚ್ಚಿ ನೋಡಿದೆ. ಮೊದಲು ಏನೂ ಇಲ್ಲ, ಮಂಜು. ಅವರು ತಿರುಪು ತಿರುಗಿಸಿದರು. ಕಂದು ಬಣ್ಣದ ದುಂಡನೆ ಕಾಳುಗಳು ಎದ್ದು ಬಂದವು. ಸುತ್ತ ದಪ್ಪ ಸಿಪ್ಪೆ, ಸಿಪ್ಪೆಯ ಮೇಲೆಲ್ಲ ಸಣ್ಣ ಗುಳಿ. ಒಣಗಿದ ಕಾಳುಮೆಣಸೇ ಸರಿ. ಅದು ದುಂಡುಹುಳದ ಮೊಟ್ಟೆ. ಪಕ್ಕದಲ್ಲಿ ಉದ್ದುದ್ದ, ಗಾಜಿನಂಥ ತೆಳು ಸಿಪ್ಪೆಯದು ಇನ್ನೊಂದು, ಕೊಕ್ಕೆಹುಳದ್ದು. 16 ವರ್ಷದಿಂದ ಜಂತುಹುಳ ನಿವಾರಣಾ ದಿನ ಅಂತ ಫೆಬ್ರವರಿ 10ಕ್ಕೆ, ಅದಕ್ಕೂ ಮೊದಲು ಬೇರೆ ಬೇರೆ ದಿನಗಳಲ್ಲಿ, ಎಷ್ಟು ಮಕ್ಕಳ ಬಾಯಿಗೆ ಆಲ್ಬೆಂಡಜೋಲ್ ಮಾತ್ರೆ ಹಾಕಿದ್ದೇನೆ! ಮನುಷ್ಯರದಿರಲಿ ನಾಯಿಯದಿರಲಿ, ಹುಳದ ಮೊಟ್ಟೆ ಅಂತ ಕಣ್ಣಲ್ಲಿ ನೋಡಿದ್ದು ಆವತ್ತೇ ಮೊದಲು. ನನ್ನ ಹಿಂದೆ ಒಂದು ಬೆಕ್ಕಿನವರು ಕಾಯುತ್ತಿದ್ದರು, ಆದರೂ ಅವಸರ ಮಾಡಲಿಲ್ಲ. ನಾನು ಮೂರು ಸಲ ನೋಡಿದೆ.

ದುಂಡುಹುಳ ತಾಯಿಯ ಹೊಟ್ಟೆಯಲ್ಲೇ ಮರಿಗೆ ಬಂದಿರುತ್ತದೆ. ಕೊಕ್ಕೆಹುಳ ಹಾಲಿನಲ್ಲಿ ಬರುತ್ತದೆ, ರಕ್ತ ಹೀರುತ್ತದೆ, ವಸಡು ಬೆಳ್ಳಗಾಗಲು ಅದೂ ಒಂದು ಕಾರಣ. ಅಂದರೆ ಮರಿ ಮಣ್ಣು ತಿಂದಿಲ್ಲ, ಹೊರಗೆ ಹೋಗಿಲ್ಲ, ಹುಳ ಹೇಗೆ ಬಂತು ಅನ್ನುವ ಪ್ರಶ್ನೆಯೇ ಇಲ್ಲ. ಹುಟ್ಟಿದ ಎರಡು ವಾರಕ್ಕೇ ಹುಳದ ಔಷಧಿ ಶುರು ಮಾಡಬೇಕು. ಎರಡು ವಾರಕ್ಕೊಮ್ಮೆ ಎಂಟು ವಾರದವರೆಗೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಪ್ರತಿ ಸಲವೂ ತೂಕ ನೋಡಿ. ತಾಯಿನಾಯಿಗೂ ಕೊಡಬೇಕು. ನಾವು ಮರಿ ತರುವಾಗಲೇ ಅದು ಮೂರು ಸಲ ಆಗಿರಬೇಕಿತ್ತು. ಡೊಳ್ಳುಹೊಟ್ಟೆ, ಒರಟು ಕೂದಲು, ಬಿಕ್ಕಳಿಕೆಯ ಥರ ಕೆಮ್ಮು, ವಾಂತಿಯಲ್ಲಿ ಶ್ಯಾವಿಗೆ ಎಳೆಯಂಥ ಹುಳ, ಇವೆಲ್ಲ ಲಕ್ಷಣ.

ಮಕ್ಕಳ ವಿಷಯ ಇಲ್ಲಿ ಬರುತ್ತದೆ. ಆಗಷ್ಟೇ ಬಿದ್ದ ಮಲದಲ್ಲಿರುವ ದುಂಡುಹುಳದ ಮೊಟ್ಟೆ ಇನ್ನೂ ಬಲಿತಿರುವುದಿಲ್ಲ. ಮಣ್ಣಿನಲ್ಲಿ ಎರಡು ಮೂರು ವಾರ ಬಿದ್ದಿದ್ದರೆ ಬಲಿಯುತ್ತದೆ. ಆ ಮಣ್ಣಿನಲ್ಲಿ ಆಡಿದ ಮಗು ಕೈ ಬಾಯಿಗಿಟ್ಟರೆ ಮರಿಹುಳ ಲಿವರ್‌ಗೆ, ಕೆಲವೊಮ್ಮೆ ಕಣ್ಣಿಗೂ ಹೋಗಬಹುದು. ಹಾಗಾಗಿ ದಿನಾ ಎತ್ತಿ ಹೂಳಿಬಿಟ್ಟರೆ ಅರ್ಧ ಅಪಾಯ ಹೋಯಿತು. ನಮ್ಮ ಅಂಗನವಾಡಿಯ ಮುಂದೆ ಮರಳುಗುಂಡಿ ಇದೆ. ಬಂದ ಮಾರನೆ ದಿನವೇ ಅದಕ್ಕೆ ಹಳೆಯ ಟಾರ್ಪಾಲ್ ಮುಚ್ಚುವ ವ್ಯವಸ್ಥೆ ಮಾಡಿದೆ.

ಕ್ಲಿನಿಕ್‌ನ ಬೆಂಚಿನಲ್ಲಿ ಕಾಯುತ್ತಾ ಕೂತಾಗ ನೋಡಿದ್ದು ಕೆಲವು ಹೇಳಬೇಕು. ಒಂದು ದಿನ ತೋಟದ ಕಡೆಯವರೊಬ್ಬರು ಮೂರು ತಿಂಗಳ ಮರಿಯನ್ನು ಎತ್ತಿಕೊಂಡು ಓಡಿ ಬಂದರು. ಬಾಯಿಂದ ಜೊಲ್ಲು ಹಗ್ಗದ ಹಾಗೆ ಇಳಿಯುತ್ತಿತ್ತು. ಮೈಯೆಲ್ಲ ನಡುಕ, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು. ಉಣುಗು ಜಾಸ್ತಿ ಅಂತ ಕಾಫಿ ಗಿಡಕ್ಕೆ ಹೊಡೆಯುವ ಔಷಧಿಯನ್ನು ನೀರಿಗೆ ಹಾಕಿ ಮೈ ತೊಳೆಸಿದ್ದರಂತೆ. ಡಾಕ್ಟರಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಆ ವಿಷಕ್ಕೆ ಕೊಡುವ ಅಟ್ರೋಪಿನ್ ಚುಚ್ಚಿದರು. ಹುಡುಗ ಗ್ಲೌಸ್ ಹಾಕಿಕೊಂಡು ಸೋಪು ನೀರಿನಲ್ಲಿ ಮೈ ತೊಳೆದ. ಆ ಮರಿ ಉಳಿಯಿತು. ನಮ್ಮ ಕಡೆ ಇದು ಎಷ್ಟು ಮನೆಯಲ್ಲಿ ನಡೆಯುತ್ತದೆ ಅಂತ ನನಗೆ ಗೊತ್ತು. ದಯವಿಟ್ಟು ಬೇಡ. ಕಜ್ಜಿಗೆ ಗಾಡಿಯ ಹಳೆ ಎಂಜಿನ್ ಆಯಿಲ್ ಬಳಿಯುವುದೂ ಬೇಡ. ಮರಿ ಅದನ್ನು ನೆಕ್ಕುತ್ತದೆ. ಕಜ್ಜಿಯಲ್ಲೂ ಬೇರೆ ಬೇರೆ ಇದೆ. ಬ್ಲೇಡಿನಿಂದ ಚರ್ಮ ಕೆರೆದು ನೋಡಿದರೇ ಯಾವ ಹುಳ ಅಂತ ಗೊತ್ತಾಗುವುದು. ಒಂದು ವಿಪರೀತ ಕೆರೆತದ್ದು, ಮನುಷ್ಯರ ಕೈಗೂ ಹತ್ತುತ್ತದೆ. ಇನ್ನೊಂದು ಕಣ್ಣಿನ ಸುತ್ತ, ಕಾಲಿನ ಮೇಲೆ ಕೂದಲು ಉದುರಿಸುತ್ತದೆ, ಹರಡುವುದಿಲ್ಲ.

ಉಣುಗಿನ ವಿಷಯದಲ್ಲಿ ಅವರು ಬಹಳ ಗಟ್ಟಿ. ಕಿವಿಯ ಒಳಗೆ, ಕಾಲ್ಬೆರಳ ಸಂದಿಯಲ್ಲಿ, ಕುತ್ತಿಗೆ ಪಟ್ಟಿಯ ಕೆಳಗೆ ದಿನಾ ಕೈಯಾಡಿಸಿ ಅನ್ನುತ್ತಾರೆ. ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳೆಯಬೇಕು, ಉಗುರಲ್ಲಿ ಜಜ್ಜಬಾರದು. ಮರಿ ಸಪ್ಪಗಾಗಿ, ಜ್ವರ ಬಂದು, ವಸಡು ಬಿಳಿಚಿ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದು ಉಣುಗಿನಿಂದ ಬಂದ ರಕ್ತದ ಕಾಯಿಲೆ ಇರಬಹುದು, ಅವತ್ತೇ ರಕ್ತ ಪರೀಕ್ಷೆ ಮಾಡಿಸಬೇಕು. ಮಳೆಗಾಲದಲ್ಲಿ ಮೂಗಿನಿಂದ ಒಂದೇ ಕಡೆ ರಕ್ತ ಬಂದು ಮರಿ ಸೀನುತ್ತಿದ್ದರೆ ಒಳಗೆ ಇಂಬಳ (ಜಿಗಣೆ) ಹೋಗಿರಬಹುದು, ಎಳೆಯಲು ಹೋಗಬೇಡಿ, ತನ್ನಿ ಅಂದರು. ಕಣ್ಣು ಮೂಗಲ್ಲಿ ಕೀವಿನಂಥ ನೀರು, ಅಂಗಾಲು ಗಟ್ಟಿಯಾಗುವುದು, ದವಡೆ ಅಗಿಯುವ ಹಾಗೆ ಸೆಟೆಯುವುದು ಕಂಡರೆ ಅದು ಡಿಸ್ಟೆಂಪರ್ ಅನ್ನುವ ಇನ್ನೊಂದು ವೈರಸ್ ಕಾಯಿಲೆ ಇರಬಹುದು. ಅಂಥ ಒಂದು ಮರಿ ನಾನು ಹೋದಾಗ ಅಲ್ಲಿತ್ತು. ಅದನ್ನು ನೋಡಿ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನು ಕೊರತೆಗಳು. ರಾತ್ರಿ ಎಂಟರ ಮೇಲೆ ಇಲ್ಲಿ ಯಾರೂ ಇರಲ್ಲ. ಫೋನ್ ಎತ್ತುತ್ತಾರೆ, ಏನು ಮಾಡಬೇಕು ಅಂತ ಹೇಳುತ್ತಾರೆ, ಆದರೆ ಬಾಗಿಲು ತೆಗೆಯಲ್ಲ. ಪಾರ್ವೋ ಮರಿಗೆ ರಾತ್ರಿಯೇ ಕಷ್ಟ. ಮಧ್ಯಾಹ್ನ ಎರಡರಿಂದ ನಾಲ್ಕೂವರೆವರೆಗೆ ಫೋನೂ ಇಲ್ಲ. ಕಾಯುವ ಜಾಗ ತೀರಾ ಇಕ್ಕಟ್ಟು, ಬೆಕ್ಕು ನಾಯಿ ಒಟ್ಟಿಗೆ ಕೂರಬೇಕು. ಮೂರನೇ ದಿನ ಹೊಸ ಸಹಾಯಕಿಯೊಬ್ಬಳು ಕೆಂಚನ ಕಾಲಿಗೆ ಮೂರು ಕಡೆ ಚುಚ್ಚಿದರೂ ನರ ಸಿಗಲಿಲ್ಲ. ಡಾಕ್ಟರಮ್ಮ ಬಂದು ಒಂದೇ ಸಲಕ್ಕೆ ಹಾಕಿದರು. ಅಷ್ಟು ಸೋತ ಮರಿಗೆ ಅವರೇ ಮೊದಲು ಬರಬೇಕಿತ್ತು. ರಕ್ತ ಕೊಡಬೇಕಾದರೆ, ಸ್ಕ್ಯಾನ್ ಬೇಕಾದರೆ ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಬೇಲೂರಿನ ಮೇಲೆ 60 ಕಿಲೋಮೀಟರಿಗೂ ಜಾಸ್ತಿ ದಾರಿ. ತಮ್ಮ ಕೈಲಿ ಆಗದ್ದನ್ನು ಇಟ್ಟುಕೊಂಡು ಕೂರಲ್ಲ ಅನ್ನುವುದು ನನಗೆ ಹಿಡಿಸಿತು.

ಚುಚ್ಚುಮದ್ದಿನ ಕಾರ್ಡ್ ಪೂರ್ತಿ ಇಂಗ್ಲಿಷಿನಲ್ಲಿದೆ. ಲೈನ್ ಮನೆಯವರು ಬಂದರೆ ಏನು ಓದುತ್ತಾರೆ? ನಾನು ಕೇಳಿದ್ದಕ್ಕೆ ಹುಡುಗ ಹಿಂಬದಿಯಲ್ಲಿ ಪೆನ್ನಿನಿಂದ ಕನ್ನಡದಲ್ಲಿ ಬರೆದುಕೊಟ್ಟ. ಅದನ್ನೇ ಅಚ್ಚು ಹಾಕಿಸಿ ಅಂತ ಹೇಳಿ ಬಂದಿದ್ದೇನೆ. ಅದರಲ್ಲಿರುವುದು ಇಷ್ಟು: ಆರರಿಂದ ಎಂಟು ವಾರದೊಳಗೆ ಮೊದಲ ಚುಚ್ಚುಮದ್ದು, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ. ಮೂರು ತಿಂಗಳಾದ ಮೇಲೆ ಹುಚ್ಚುನಾಯಿ ರೋಗದ್ದು. ವರ್ಷಕ್ಕೆ ಮತ್ತೆ. ಯಾಕೆ ಇಷ್ಟು ಸಲ ಅಂದರೆ, ತಾಯಿಯ ಹಾಲಿನಿಂದ ಬಂದ ರಕ್ಷಣೆ ಮೈಯಲ್ಲಿ ಇರುವವರೆಗೆ ಅದು ಚುಚ್ಚುಮದ್ದಿನ ಕೆಲಸಕ್ಕೂ ಅಡ್ಡ ಬರುತ್ತದೆ. ಅದು ಯಾವ ವಾರ ಇಳಿಯುತ್ತದೆ ಅನ್ನುವುದು ಒಂದೊಂದು ಮರಿಗೆ ಒಂದೊಂದು ಥರ. ಒಂದು ಹಾಕಿಸಿ ಮುಗಿಯಿತು ಅಂತ ಬಿಡುವವರೇ ನಮ್ಮಲ್ಲಿ ಜಾಸ್ತಿ. ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕು ಅನ್ನುವುದು ನಮಗೆ ಪೋಲಿಯೋ ದಿನಗಳಿಂದ ಗೊತ್ತು. ಇಲ್ಲಿ ಫ್ರಿಜ್ ಬಾಗಿಲ ಮೇಲೆ ದಿನಕ್ಕೆರಡು ಸಲ ಡಿಗ್ರಿ ಬರೆಯುವ ಪಟ್ಟಿ ಇದೆ. ನಾನು ಹೋದಾಗಲೆಲ್ಲ ಅದನ್ನು ನೋಡಿದ್ದೇನೆ. ಒಂದು ದಿನವೂ ಖಾಲಿ ಇರಲಿಲ್ಲ.

ದುಡ್ಡಿನ ಲೆಕ್ಕ: ಪಾರ್ವೋ ಕಿಟ್, ಐದು ದಿನದ ಡ್ರಿಪ್, ಔಷಧಿ ಎಲ್ಲ ಸೇರಿ 4,750 ರೂಪಾಯಿ ಆಯಿತು. ನನ್ನಂಥವರಿಗೆ ಅದು ಸಣ್ಣ ಮೊತ್ತ ಅಲ್ಲ. ಎರಡು ಕಂತಿನಲ್ಲಿ ಕೊಡುತ್ತೇನೆ ಅಂದೆ, ಒಪ್ಪಿದರು, ಮುಖ ಬದಲಾಗಲಿಲ್ಲ. ಈ ಕ್ಲಿನಿಕ್‌ಗೆ ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಅರ್ಧ ಕಡಿಮೆ ಮಾಡಿದ್ದು ರಾತ್ರಿ ಬಾಗಿಲು ತೆಗೆಯದಿರುವುದಕ್ಕೆ.

ಕೆಂಚನಿಗೆ ಈಗ ಐದು ತಿಂಗಳು. ಮೂರೂ ಚುಚ್ಚುಮದ್ದು, ರೇಬೀಸ್‌ನದೂ ಆಯಿತು. ತೂಕ 9 ಕೆ.ಜಿ. 200. ಬೆಳಗ್ಗೆ ಅಂಗನವಾಡಿಗೆ ಹೊರಡುವ ಮೊದಲು ಜಗುಲಿಯಲ್ಲಿ ಅವನ ತುಟಿ ಎತ್ತಿ ನೋಡುತ್ತೇನೆ. ನನ್ನ ಮಗಳೂ ಕಲಿತಿದ್ದಾಳೆ. ಲೈನ್ ಮನೆಯ ಆ ತಾಯಿನಾಯಿಗೂ ಹುಳದ ಔಷಧಿ, ಚುಚ್ಚುಮದ್ದು ಹಾಕಿಸಿದೆವು. ಅದರ ಉಳಿದ ಎರಡು ಮರಿಗಳನ್ನು ನಮ್ಮನೆಯವರೇ ಆಟೋದಲ್ಲಿ ಈ ಕ್ಲಿನಿಕ್‌ಗೆ ಕರೆತಂದಿದ್ದರು.

ನೀವು ಹೋಗುವುದಾದರೆ ಹೊರಡುವ ಮೊದಲು ಫೋನ್ ಮಾಡಿ. ಮಲದ ಚೂರನ್ನು ಮುಚ್ಚಳ ಇರುವ ಡಬ್ಬಿಯಲ್ಲಿ ಹಾಕಿಕೊಳ್ಳಿ, ಅದೇ ದಿನದ್ದಿರಲಿ. ಏನು ತಿನ್ನಿಸಿದ್ದೀರಿ, ಯಾವ ಮಾತ್ರೆ ಹಾಕಿದ್ದೀರಿ ಅಂತ ಮುಚ್ಚಿಡದೆ ಹೇಳಿ, ಮಾತ್ರೆಯ ಸ್ಟ್ರಿಪ್ಪನ್ನೇ ತೆಗೆದುಕೊಂಡು ಹೋಗಿ. ವಾಂತಿ ಭೇದಿ ಇದ್ದರೆ ಮರಿಯನ್ನು ಗಾಡಿಯಲ್ಲೇ ಯಾರಾದರೂ ಹಿಡಿದಿರಲಿ, ನೀವು ಮಾತ್ರ ಇಳಿದು ಬಾಗಿಲ ಹತ್ತಿರ ನಿಂತು ಕೂಗಿ. ಹುಡುಗ ಬರುತ್ತಾನೆ.